ಮಾತ್ರೆಯ ಒಳ್ಳೆಯ ಗಂಟೆ ದಿನದುದ್ದಕ್ಕೂ: ಮಿದುಳಿಗೆ ವಿದ್ಯುತ್ ಪ್ರಚೋದನೆ ಯಾರಿಗೆ, ಯಾವಾಗ?

ಪಾರ್ಕಿನ್ಸನ್ ಕಾಯಿಲೆಯ ಮೊದಲ ಕೆಲವು ವರ್ಷ ಹೆಚ್ಚಿನವರಿಗೆ ಮಾತ್ರೆ ಚೆನ್ನಾಗಿಯೇ ಒಗ್ಗುತ್ತದೆ. ಹೊತ್ತು ಹೊತ್ತಿಗೆ ಒಂದೊಂದು ಸಿಂಡೋಪಾ (ಲೆವೊಡೋಪಾ ಇರುವ ಮಾತ್ರೆ) ನುಂಗಿದರೆ ಕೈನಡುಕ ಹತೋಟಿಗೆ ಬರುತ್ತದೆ, ಹೆಜ್ಜೆ ಹಗುರಾಗುತ್ತದೆ, ಅಂಗಿಯ ಗುಂಡಿ ಹಾಕಿಕೊಳ್ಳುವುದು ಸಲೀಸಾಗುತ್ತದೆ. ವರ್ಷಗಳು ಕಳೆದಂತೆ ಈ ಲೆಕ್ಕ ತಪ್ಪತೊಡಗುತ್ತದೆ. ಬೆಳಿಗ್ಗೆ ನುಂಗಿದ ಮಾತ್ರೆ ಮಧ್ಯಾಹ್ನದವರೆಗೆ ಬರುವುದಿಲ್ಲ. ಮೂರು ಹೊತ್ತಿನದು ನಾಲ್ಕಾಗುತ್ತದೆ, ಆಮೇಲೆ ಐದು, ಆರು. ಮಾತ್ರೆಯ ಪರಿಣಾಮ ಇಳಿದಾಗ ಕುರ್ಚಿಯಿಂದ ಏಳಲಾಗದು. ಏರಿದಾಗ ಕೈಕಾಲು, ಕತ್ತು ತಾವಾಗಿಯೇ ತಿರುಚಿ ಕುಣಿಯುತ್ತವೆ. ಈ ಎರಡರ ನಡುವೆ ಮೈ ಹೇಳಿದಂತೆ ಕೇಳುವ ಹೊತ್ತು ದಿನದಿಂದ ದಿನಕ್ಕೆ ಕಿರಿದಾಗುತ್ತದೆ.

ಈ ಹಂತ ತಲುಪಿದವರ ಮನೆಯಲ್ಲಿ 'ಡಿಬಿಎಸ್' ಎಂಬ ಮಾತು ಒಂದಲ್ಲ ಒಂದು ದಿನ ಬರುತ್ತದೆ. ಡೀಪ್ ಬ್ರೈನ್ ಸ್ಟಿಮ್ಯುಲೇಷನ್, ಅಂದರೆ ಮಿದುಳಿನ ಆಳಕ್ಕೆ ತೆಳುವಾದ ತಂತಿ ಇಳಿಸಿ, ಎದೆಯ ಚರ್ಮದಡಿ ಕೂರಿಸಿದ ಬ್ಯಾಟರಿಯಿಂದ ಸಣ್ಣ ಪ್ರಮಾಣದ ವಿದ್ಯುತ್ ಹರಿಸುವ ಚಿಕಿತ್ಸೆ. ಇದನ್ನು ಕೆಲವರು ಪವಾಡವೆಂದು ನಂಬುತ್ತಾರೆ, ಕೆಲವರು ತಲೆಗೆ ರಂಧ್ರ ಎಂದ ಕೂಡಲೇ ಮಾತು ನಿಲ್ಲಿಸುತ್ತಾರೆ. ಇನ್ನು ಕೆಲವರು 'ಏನೂ ಆಗದಿದ್ದರೆ ಕೊನೆಗೆ ನೋಡೋಣ' ಎಂದು ಮುಂದೂಡುತ್ತಾರೆ. ಮೂರೂ ತಪ್ಪು ದಾರಿಯೇ. ಇದು ಸರಿಯಾದ ವ್ಯಕ್ತಿಗೆ, ಸರಿಯಾದ ಸಮಯದಲ್ಲಿ ಮಾಡಿದರೆ ಬಹಳ ಒಳ್ಳೆಯ ಫಲ ಕೊಡುವ ಚಿಕಿತ್ಸೆ. ಆ ವ್ಯಕ್ತಿ ನೀವೇ, ಆ ಸಮಯ ಇದೇ ಎಂದು ತಿಳಿಯುವುದು ಹೇಗೆ ಎಂಬುದಕ್ಕೆ ಈ ಲೇಖನ.

ಮಿದುಳಿನ ಒಳಗೆ ಆಗುವುದೇನು?

ಮಿದುಳಿನ ತಳಭಾಗದಲ್ಲಿರುವ ಸಬ್‌ಸ್ಟಾನ್ಶಿಯಾ ನೈಗ್ರಾ ಎಂಬ ಜಾಗದ ನರಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಪಾರ್ಕಿನ್ಸನ್‌ನಲ್ಲಿ ಈ ಕೋಶಗಳು ಮೆಲ್ಲಗೆ ಸಾಯುತ್ತವೆ. ಡೋಪಮಿನ್ ಕಡಿಮೆಯಾದಂತೆ ಚಲನೆಯನ್ನು ಹದದಲ್ಲಿಡುವ ಬೇಸಲ್ ಗ್ಯಾಂಗ್ಲಿಯಾ ಎಂಬ ಜಾಲದ ಕೋಶಗಳು ತಮ್ಮ ಸ್ವತಂತ್ರ ಮಾತುಕತೆ ಬಿಟ್ಟು ಒಂದೇ ಲಯಕ್ಕೆ ಕಟ್ಟುಬೀಳುತ್ತವೆ. ಸೆಕೆಂಡಿಗೆ ಹೆಚ್ಚುಕಡಿಮೆ 13ರಿಂದ 30 ಬಾರಿ ಏರಿಳಿಯುವ ಈ ಲಯಕ್ಕೆ ಬೀಟಾ ಅಲೆ ಎನ್ನುತ್ತಾರೆ. ನೂರಾರು ಜನ ಒಂದೇ ತಾಳಕ್ಕೆ ಚಪ್ಪಾಳೆ ತಟ್ಟುತ್ತಿದ್ದರೆ ನಡುವೆ ಒಬ್ಬರು ಹೇಳುವ ಮಾತು ಹೇಗೆ ಕೇಳಿಸದೋ ಹಾಗೆ, 'ಕಾಲೆತ್ತು', 'ಕೈ ಚಾಚು' ಎಂಬ ಆಜ್ಞೆ ಈ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಮೈ ಬಿಗಿಯುತ್ತದೆ, ನಿಧಾನವಾಗುತ್ತದೆ.

ಮಾತ್ರೆಯಲ್ಲಿರುವ ಲೆವೊಡೋಪಾ ಮಿದುಳಿಗೆ ಹೋಗಿ ಡೋಪಮಿನ್ ಆಗಿ ಬದಲಾಗುತ್ತದೆ, ಜಾಲ ಸಡಿಲಗೊಳ್ಳುತ್ತದೆ. ಡಿಬಿಎಸ್ ಮಾಡುವುದು ಬೇರೆ ಕೆಲಸ. ಅದು ಡೋಪಮಿನ್ ಕೊಡುವುದಿಲ್ಲ, ಸತ್ತ ಕೋಶಗಳನ್ನು ಬದುಕಿಸುವುದೂ ಇಲ್ಲ. ಸೆಕೆಂಡಿಗೆ ಸುಮಾರು 130 ಬಾರಿ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಆ ಕೆಟ್ಟ ಲಯವನ್ನು ಒಡೆಯುತ್ತದೆ. ಒಂದೊಂದು ಮಿಡಿತದ ಅವಧಿ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 60 ಭಾಗದಷ್ಟು. ಸ್ವಿಚ್ ಆರಿಸಿದರೆ ಲಕ್ಷಣಗಳು ಮರಳುತ್ತವೆ. ಆದ್ದರಿಂದ ಇದು ಕಾಯಿಲೆಯನ್ನು ವಾಸಿಮಾಡುವ ಚಿಕಿತ್ಸೆಯಲ್ಲ. ಲಕ್ಷಣಗಳನ್ನು ಹತೋಟಿಯಲ್ಲಿಡುವ ಚಿಕಿತ್ಸೆ. ಕಾಯಿಲೆ ತನ್ನ ಪಾಡಿಗೆ ಮುಂದುವರಿಯುತ್ತದೆ.

ಚಿಕಿತ್ಸೆ ಬಂದ ದಾರಿ

ಈ ಕಾಯಿಲೆಯನ್ನು 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದರು. ಲೆವೊಡೋಪಾ ಚಿಕಿತ್ಸೆ ನೆಲೆಗೊಂಡದ್ದು 1960ರ ದಶಕದ ಕೊನೆಯಲ್ಲಿ. ಅದಕ್ಕೂ ಮೊದಲು ನಡುಕ ನಿಲ್ಲಿಸಲು ಮಿದುಳಿನ ಒಂದು ಸಣ್ಣ ಭಾಗವನ್ನೇ ಉದ್ದೇಶಪೂರ್ವಕವಾಗಿ ನಾಶಮಾಡುತ್ತಿದ್ದರು. ಬೆಂಗಳೂರಿಗೂ ಆ ಕಾಲದ ನಂಟಿದೆ: ನಿಮ್ಹಾನ್ಸ್ ಕಟ್ಟಿದವರಲ್ಲಿ ಪ್ರಮುಖರಾದ ಡಾ. ಆರ್. ಮಾರ್ತಾಂಡ ವರ್ಮಾ ಅವರು ತಲೆಬುರುಡೆಯ ತಳದಲ್ಲಿ ಸಹಜವಾಗಿಯೇ ಇರುವ ರಂಧ್ರದ ಮೂಲಕ ಸೂಜಿ ಹಾಯಿಸಿ ಪಾರ್ಕಿನ್ಸನ್ ರೋಗಿಗಳಿಗೆ ಚಿಕಿತ್ಸೆ ಮಾಡುವ ವಿಧಾನ ರೂಪಿಸಿದ್ದರು. ಹೀಗೆ ನಾಶವಾದ ಭಾಗ ಮತ್ತೆ ಬರುವುದಿಲ್ಲ ಎಂಬುದೇ ಆ ಶಸ್ತ್ರಚಿಕಿತ್ಸೆಗಳ ದೊಡ್ಡ ಮಿತಿ.

1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಶಸ್ತ್ರವೈದ್ಯ ಅಲಿಮ್ ಲೂಯಿ ಬೆನಬಿದ್ ಒಂದು ಸಂಗತಿ ಗಮನಿಸಿದರು. ಮಿದುಳಿನ ಭಾಗವನ್ನು ಸುಟ್ಟು ನಾಶಮಾಡುವ ಮೊದಲು ಜಾಗ ಸರಿಯಿದೆಯೇ ಎಂದು ಪರೀಕ್ಷಿಸಲು ವಿದ್ಯುತ್ ಹರಿಸುವುದು ವಾಡಿಕೆ. ಮಿಡಿತದ ವೇಗವನ್ನು ಸೆಕೆಂಡಿಗೆ 100ರ ಆಸುಪಾಸಿಗೆ ಏರಿಸಿದಾಗ ನಡುಕ ನಿಂತಿತು, ಆರಿಸಿದಾಗ ಮರಳಿತು. ಹಾಗಿದ್ದರೆ ಸುಡುವುದೇಕೆ, ತಂತಿಯನ್ನು ಅಲ್ಲೇ ಬಿಟ್ಟರೆ ಸಾಕಲ್ಲವೇ? ಅಮೆರಿಕದ ಮಾಹ್ಲನ್ ಡಿಲಾಂಗ್ ಮತ್ತು ಸಂಗಡಿಗರು ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಭಾಗವೇ ಪಾರ್ಕಿನ್ಸನ್‌ನಲ್ಲಿ ಅತಿಯಾಗಿ ಕೆಲಸಮಾಡುತ್ತದೆಂದು 1990ರಲ್ಲಿ ಪ್ರಾಣಿಗಳಲ್ಲಿ ತೋರಿಸಿದರು. ಈ ಎರಡು ತಿಳಿವಳಿಕೆಗಳು ಕೂಡಿ ಇಂದಿನ ಚಿಕಿತ್ಸೆ ರೂಪುಗೊಂಡಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1997ರಲ್ಲಿ ನಡುಕಕ್ಕೆ, 2002ರಲ್ಲಿ ಪಾರ್ಕಿನ್ಸನ್‌ನ ಇತರ ಲಕ್ಷಣಗಳಿಗೆ, 2003ರಲ್ಲಿ ಸ್ನಾಯುಗಳು ತಿರುಚಿಕೊಳ್ಳುವ ಡಿಸ್ಟೋನಿಯಾ ಕಾಯಿಲೆಗೆ ಒಪ್ಪಿಗೆ ಕೊಟ್ಟಿತು. ಬೆನಬಿದ್ ಮತ್ತು ಡಿಲಾಂಗ್ ಅವರಿಗೆ 2014ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಸಂದಿತು. ಜಗತ್ತಿನಲ್ಲಿ ಈವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಈ ಚಿಕಿತ್ಸೆ ಪಡೆದಿದ್ದಾರೆ.

ಯಾವ ಲಕ್ಷಣ ಹೋಗುತ್ತದೆ, ಯಾವುದು ಉಳಿಯುತ್ತದೆ?

ನೆನಪಿಡಬೇಕಾದ ಸೂತ್ರ ಒಂದೇ. ಮಾತ್ರೆ ಚೆನ್ನಾಗಿ ಏರಿದ ಹೊತ್ತಿನಲ್ಲಿ ನಿಮ್ಮ ಮೈ ಹೇಗಿರುತ್ತದೋ, ಡಿಬಿಎಸ್‌ನಿಂದ ನಿರೀಕ್ಷಿಸಬಹುದಾದದ್ದು ಹೆಚ್ಚುಕಡಿಮೆ ಅಷ್ಟೇ. ಆದರೆ ಅದು ದಿನದ ಬಹುಪಾಲು ಉಳಿಯುತ್ತದೆ. ಆ ಒಳ್ಳೆಯ ಗಂಟೆಯಲ್ಲಿ ಯಾವ ತೊಂದರೆ ಮಾಯವಾಗುತ್ತದೋ ಅದಕ್ಕೆ ಡಿಬಿಎಸ್ ಸಹಾಯ ಮಾಡುತ್ತದೆ. ಆಗಲೂ ಉಳಿಯುವ ತೊಂದರೆ ಬಹುತೇಕ ಡಿಬಿಎಸ್ ನಂತರವೂ ಉಳಿಯುತ್ತದೆ.

ಹಾಗಾಗಿ ಕೈಕಾಲಿನ ಬಿಗಿತ, ನಿಧಾನಗತಿ, ಮಾತ್ರೆ ಇಳಿದಾಗ ಬರುವ ನೋವು ಮತ್ತು ಸೆಡೆತ, ಮಾತ್ರೆಯ ಏರಿಳಿತ ಇವೆಲ್ಲ ಕಡಿಮೆಯಾಗುತ್ತವೆ. ಈ ಸೂತ್ರಕ್ಕೆ ಎರಡು ಹೊರತುಗಳಿವೆ, ಎರಡೂ ರೋಗಿಯ ಪರವಾಗಿಯೇ ಇವೆ. ಮಾತ್ರೆಗೆ ಜಗ್ಗದ ನಡುಕವೂ ಹಲವರಲ್ಲಿ ಡಿಬಿಎಸ್‌ಗೆ ಬಗ್ಗುತ್ತದೆ. ಮಾತ್ರೆ ಹೆಚ್ಚಾಗಿ ಬರುವ ಕೈಕಾಲಿನ ಕುಣಿತವೂ ತಗ್ಗುತ್ತದೆ, ಏಕೆಂದರೆ ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ಗೆ ತಂತಿ ಹಾಕಿದವರಲ್ಲಿ ಮಾತ್ರೆಯ ಪ್ರಮಾಣವನ್ನು ಸಾಮಾನ್ಯವಾಗಿ ಮೂರನೇ ಒಂದರಿಂದ ಅರ್ಧದವರೆಗೆ ಇಳಿಸಬಹುದು.

ಉಳಿಯುವುದು ಯಾವುದು? ಮಾತ್ರೆ ಏರಿದಾಗಲೂ ಸಮತೋಲನ ತಪ್ಪಿ ಬೀಳುವುದು, ಆಗಲೂ ಕಾಲು ನೆಲಕ್ಕೆ ಅಂಟಿದಂತೆ ನಿಲ್ಲುವುದು, ನುಂಗುವ ಕಷ್ಟ, ಮರೆವು, ಮಲಬದ್ಧತೆ. ಮಾತಿನ ಸ್ಪಷ್ಟತೆ ಸುಧಾರಿಸುವುದು ಅಪರೂಪ, ಕೆಲವರಲ್ಲಿ ಸ್ವಲ್ಪ ಕೆಡುವುದೂ ಉಂಟು. 'ಅಪ್ಪ ಪದೇ ಪದೇ ಬೀಳುತ್ತಾರೆ, ಮಾತು ಅರ್ಥವಾಗುವುದಿಲ್ಲ, ಅದಕ್ಕಾಗಿ ಡಿಬಿಎಸ್ ಮಾಡಿಸೋಣ' ಎಂದು ಬರುವ ಕುಟುಂಬಗಳಿಗೆ ನಿರಾಸೆಯಾಗುವುದು ಇಲ್ಲೇ.

2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 255 ರೋಗಿಗಳ ಮೇಲೆ ನಡೆದ ಅಧ್ಯಯನ ಲಾಭ ನಷ್ಟ ಎರಡನ್ನೂ ತೋರಿಸಿತು. ಶಸ್ತ್ರಚಿಕಿತ್ಸೆಯಾದವರಿಗೆ ಆರು ತಿಂಗಳಲ್ಲಿ ಕಾಡುವ ಕುಣಿತವಿಲ್ಲದ ಒಳ್ಳೆಯ ಹೊತ್ತು ದಿನಕ್ಕೆ ಸರಾಸರಿ 4.6 ಗಂಟೆ ಹೆಚ್ಚಿತು. ಔಷಧವನ್ನಷ್ಟೇ ಮುಂದುವರಿಸಿದವರಿಗೆ ಏನೂ ಹೆಚ್ಚಲಿಲ್ಲ. ಅದೇ ಹೊತ್ತಿಗೆ ಗಂಭೀರ ಅಡ್ಡಪರಿಣಾಮಗಳು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಬಹಳ ಹೆಚ್ಚಿದ್ದವು. ಅವುಗಳಲ್ಲಿ ಹೆಚ್ಚಿನವು ಆರು ತಿಂಗಳೊಳಗೆ ಪರಿಹಾರವಾದವು, ಆದರೆ ಒಬ್ಬ ರೋಗಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ನಿರ್ಧಾರ ಮಾಡುವವರು ಈ ಎರಡೂ ಮುಖಗಳನ್ನು ಒಟ್ಟಿಗೆ ಎದುರಿಗಿಟ್ಟುಕೊಳ್ಳಬೇಕು.

ಯಾರಿಗೆ ಇದು ಬೇಡ?

ನಡುಕ, ನಿಧಾನಗತಿ ಇರುವುದೆಲ್ಲ ಪಾರ್ಕಿನ್ಸನ್ ಅಲ್ಲ. ವಾಂತಿ, ತಲೆಸುತ್ತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಜಿನ್, ಫ್ಲೂನರಿಜಿನ್‌ನಂಥ ಮಾತ್ರೆಗಳನ್ನು ಹೆಚ್ಚು ದಿನ ನುಂಗಿದರೂ ಪಾರ್ಕಿನ್ಸನ್‌ನಂಥದೇ ಲಕ್ಷಣ ಬರಬಹುದು. ಅದಕ್ಕೆ ಮದ್ದು ಆ ಮಾತ್ರೆ ನಿಲ್ಲಿಸುವುದು. ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ, ಪ್ರೊಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ ಎಂಬ ಕಾಯಿಲೆಗಳು ಮೊದಮೊದಲು ಪಾರ್ಕಿನ್ಸನ್‌ನಂತೆಯೇ ಕಂಡು ಬೇಗ ಬೆಳೆಯುತ್ತವೆ. ಅವುಗಳಲ್ಲಿ ಡಿಬಿಎಸ್ ಫಲ ಕೊಡುವುದಿಲ್ಲ. ಇವು ಬೇರೆಯೆಂದು ಖಚಿತವಾಗಲು ಕೆಲವು ವರ್ಷ ಬೇಕಾಗುವುದರಿಂದಲೇ ಕಾಯಿಲೆ ಶುರುವಾಗಿ ಕನಿಷ್ಠ ನಾಲ್ಕು ವರ್ಷ ಕಳೆದಿರಬೇಕು ಎಂದು ವೈದ್ಯರು ನೋಡುತ್ತಾರೆ.

ಮರೆಗುಳಿತನ ಗಟ್ಟಿಯಾಗಿ ನೆಲೆಯೂರಿದ್ದರೆ, ಹತೋಟಿಗೆ ಬಾರದ ತೀವ್ರ ಖಿನ್ನತೆ ಅಥವಾ ಭ್ರಮೆಗಳಿದ್ದರೆ, ಶಸ್ತ್ರಚಿಕಿತ್ಸೆ ತಡೆದುಕೊಳ್ಳುವಷ್ಟು ಹೃದಯ ಮತ್ತು ಶ್ವಾಸಕೋಶ ಗಟ್ಟಿಯಿಲ್ಲದಿದ್ದರೆ, ರಕ್ತ ಹೆಪ್ಪುಗಟ್ಟುವುದರಲ್ಲಿ ತೊಂದರೆಯಿದ್ದರೆ ವೈದ್ಯರು ಬೇಡವೆನ್ನುತ್ತಾರೆ. ವಯಸ್ಸಿಗೆ ಕಟ್ಟುನಿಟ್ಟಾದ ಗಡಿಯಿಲ್ಲ. 70 ದಾಟಿದವರಲ್ಲಿ ಹೆಚ್ಚು ಎಚ್ಚರದಿಂದ ತೂಗಿ ನೋಡುತ್ತಾರೆ.

ಪಾರ್ಕಿನ್ಸನ್ ಹೊರತಾದ ಎರಡು ಕಾಯಿಲೆಗಳಿಗೂ ಇದು ಉಪಯುಕ್ತ. ಒಂದು, ಎಸೆನ್ಷಿಯಲ್ ಟ್ರೆಮರ್: ಕೆಲಸ ಮಾಡುವಾಗ, ಲೋಟ ಎತ್ತುವಾಗ, ಸಹಿ ಹಾಕುವಾಗ ಕೈ ನಡುಗುವ ಕಾಯಿಲೆ. ಪ್ರೊಪ್ರನೊಲಾಲ್, ಪ್ರಿಮಿಡೋನ್ ಮಾತ್ರೆಗಳಿಂದ ಆಗದಿದ್ದಾಗ ಮಿದುಳಿನ ಥಲಾಮಸ್ ಎಂಬ ಭಾಗಕ್ಕೆ ತಂತಿ ಇಳಿಸುತ್ತಾರೆ. ಇನ್ನೊಂದು ಡಿಸ್ಟೋನಿಯಾ: ಸ್ನಾಯುಗಳು ತಾವಾಗಿ ಬಿಗಿದು ಕತ್ತು, ಬೆನ್ನು, ಕೈಕಾಲು ತಿರುಚಿಕೊಳ್ಳುವ ಕಾಯಿಲೆ. ಇಲ್ಲಿ ಮಿದುಳಿನ ಗ್ಲೋಬಸ್ ಪ್ಯಾಲಿಡಸ್ ಎಂಬ ಜಾಗದ ಒಳಭಾಗ ಗುರಿ. ಒಂದೇ ಭಾಗಕ್ಕೆ ಸೀಮಿತವಾದ ಡಿಸ್ಟೋನಿಯಾಕ್ಕೆ ಮೊದಲು ಬೊಟಾಕ್ಸ್ ಚುಚ್ಚುಮದ್ದು ಪ್ರಯತ್ನಿಸುತ್ತಾರೆ. ಡಿವೈಟಿ1 ಎಂಬ ವಂಶವಾಹಿ ದೋಷದಿಂದ ಬಂದ ಡಿಸ್ಟೋನಿಯಾದ ಮಕ್ಕಳು ಮತ್ತು ಯುವಕರಲ್ಲಿ ಡಿಬಿಎಸ್ ಫಲ ವಿಶೇಷವಾಗಿ ಚೆನ್ನಾಗಿದೆ. ಆದರೆ ತಾಳ್ಮೆ ಬೇಕು: ನಡುಕ ಕೆಲವೇ ಕ್ಷಣಗಳಲ್ಲಿ ನಿಂತರೆ, ಡಿಸ್ಟೋನಿಯಾ ಸಡಿಲಗೊಳ್ಳಲು ವಾರಗಳು, ತಿಂಗಳುಗಳು ಹಿಡಿಯುತ್ತವೆ.

ಸಮಯ ಬಂದಿದೆ ಎಂದು ತಿಳಿಯುವುದು ಹೇಗೆ?

ಐದು, ಎರಡು, ಒಂದು ಎಂಬ ಲೆಕ್ಕವನ್ನು ತಜ್ಞರು ಬಳಸುತ್ತಾರೆ. ದಿನಕ್ಕೆ ಐದು ಅಥವಾ ಹೆಚ್ಚು ಬಾರಿ ಲೆವೊಡೋಪಾ ನುಂಗಬೇಕಾಗಿದೆಯೇ? ಎಚ್ಚರವಿರುವ ಹೊತ್ತಿನಲ್ಲಿ ಎರಡು ಗಂಟೆಗಿಂತ ಹೆಚ್ಚು ಕಾಲ ಮಾತ್ರೆ ಇಳಿದ ಸ್ಥಿತಿಯಲ್ಲಿರುತ್ತೀರಾ? ಕಾಡುವ ಕುಣಿತ ಒಂದು ಗಂಟೆಗಿಂತ ಹೆಚ್ಚು ಇರುತ್ತದೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಎಂದಾದರೂ ಚಲನೆಯ ಕಾಯಿಲೆಗಳ ತಜ್ಞರನ್ನು ಕಾಣುವ ಕಾಲ ಬಂದಿದೆ ಎಂದರ್ಥ. ಕಂಡ ಕೂಡಲೇ ಶಸ್ತ್ರಚಿಕಿತ್ಸೆ ಎಂದಲ್ಲ. ಮಾತ್ರೆಯ ಹೊತ್ತು ಬದಲಿಸಿ, ಬೇರೆ ಮಾತ್ರೆ ಸೇರಿಸಿ ಸುಧಾರಿಸಬಹುದೇ ಎಂದು ಮೊದಲು ನೋಡುತ್ತಾರೆ. ಚರ್ಮದಡಿ ಅಪೊಮಾರ್ಫಿನ್ ಹರಿಸುವ ಪಂಪ್ ಕೂಡ ಇನ್ನೊಂದು ದಾರಿ.

ಬಹಳ ಬೇಗ ಹೋಗುವುದರಿಂದ ಆಗುವ ತಪ್ಪಿಗಿಂತ ನಮ್ಮಲ್ಲಿ ಬಹಳ ತಡವಾಗಿ ಹೋಗುವ ತಪ್ಪೇ ಹೆಚ್ಚು. ಹಾಸಿಗೆ ಹಿಡಿದ ಮೇಲೆ, ನೆನಪು ಮಸುಕಾದ ಮೇಲೆ, ಬಿದ್ದು ಸೊಂಟ ಮುರಿದ ಮೇಲೆ ತಂತಿ ಹಾಕಿದರೆ ಅದರಿಂದ ಸಿಗುವುದು ಅಲ್ಪ. ಜರ್ಮನಿ ಮತ್ತು ಫ್ರಾನ್ಸಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಭಾಗವಹಿಸಿದ 251 ಜನರ ಸರಾಸರಿ ವಯಸ್ಸು 52, ಕಾಯಿಲೆಗೆ ಸರಾಸರಿ ಏಳೂವರೆ ವರ್ಷ. ಮಾತ್ರೆಯ ಏರಿಳಿತ ಆಗಷ್ಟೇ ಶುರುವಾಗಿತ್ತು. ಎರಡು ವರ್ಷದ ಕೊನೆಗೆ ಡಿಬಿಎಸ್ ಆದವರ ಜೀವನದ ಗುಣಮಟ್ಟ 26% ಸುಧಾರಿಸಿತ್ತು. ಔಷಧದಲ್ಲೇ ಇದ್ದವರದು ಇದ್ದಲ್ಲೇ ಇತ್ತು. ದುಡಿಯುವ ವಯಸ್ಸಿನಲ್ಲಿ ಕಾಯಿಲೆ ಬಂದ ಶಿಕ್ಷಕರು, ಚಾಲಕರು, ರೈತರು, ಅಂಗಡಿ ನಡೆಸುವವರಿಗೆ ಈ ಫಲಿತಾಂಶ ಮುಖ್ಯ. ಕೆಲಸ ಬಿಟ್ಟ ಮೇಲೆ ಯೋಚಿಸುವುದಕ್ಕಿಂತ ಕೆಲಸ ಉಳಿಸಿಕೊಳ್ಳಲೆಂದು ಯೋಚಿಸುವುದು ಲೇಸು.

ಮೂರು ದಿನದ ದಿನಚರಿ

ವೈದ್ಯರ ಬಳಿ ಹೋಗುವ ಮುನ್ನ ಮನೆಯಲ್ಲೇ ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ ಇದು. ಮೂರು ದಿನ ಒಂದು ನೋಟ್‌ಬುಕ್ಕಿನಲ್ಲಿ ಅರ್ಧ ಗಂಟೆಗೊಂದು ಸಾಲು ಬರೆದುಕೊಳ್ಳಿ. ಆ ಅರ್ಧ ಗಂಟೆ ನಿದ್ದೆಯೇ, ಮಾತ್ರೆ ಇಳಿದ ಸ್ಥಿತಿಯೇ, ಮೈ ಚೆನ್ನಾಗಿದ್ದ ಹೊತ್ತೇ, ಕಾಡುವ ಕುಣಿತವೇ ಎಂದು ಗುರುತು ಹಾಕಿ. ಮಾತ್ರೆ ನುಂಗಿದ ಸಮಯ ಮತ್ತು ಊಟದ ಸಮಯವನ್ನೂ ಬರೆಯಿರಿ. ಬೇಳೆ, ಕಾಳು, ಮೊಟ್ಟೆ, ಮಾಂಸ, ಹಾಲಿನ ಪ್ರೋಟೀನು ಲೆವೊಡೋಪಾ ಹೀರಿಕೆಗೆ ಅಡ್ಡಬರುತ್ತದೆ. ಹೆಸರುಕಾಳಿನ ಬಸ್ಸಾರು ಉಂಡ ದಿನ ಮಾತ್ರೆ ಏರಲಿಲ್ಲ ಎಂಬುದಕ್ಕೆ ಕಾರಣ ಇದೇ ಇರಬಹುದು. ಊಟಕ್ಕೆ ಅರ್ಧ ಗಂಟೆ ಮೊದಲೇ ಮಾತ್ರೆ ನುಂಗಿದರೆ ಕೆಲವರ ಏರಿಳಿತ ಅಷ್ಟರಲ್ಲೇ ತಗ್ಗುತ್ತದೆ.

ಜೊತೆಗೆ ಫೋನಿನಲ್ಲಿ ಎರಡು ವಿಡಿಯೊ ತೆಗೆಯಿರಿ: ಮಾತ್ರೆ ಪೂರಾ ಇಳಿದಾಗ ಒಂದು, ಚೆನ್ನಾಗಿ ಏರಿದಾಗ ಒಂದು. ಏಳುವುದು, ನಡೆಯುವುದು, ತಿರುಗುವುದು ಎರಡರಲ್ಲೂ ಕಾಣಲಿ. ಎಲ್ಲ ಔಷಧಗಳ ಪಟ್ಟಿ ಒಯ್ಯಿರಿ. ನಸುಗುನ್ನಿ ಬೀಜದ ಪುಡಿ ಅಥವಾ ಅದಿರುವ ಆಯುರ್ವೇದ ಔಷಧ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ನಸುಗುನ್ನಿಯಲ್ಲಿ ಸಹಜವಾಗಿಯೇ ಲೆವೊಡೋಪಾ ಇದೆ, ಅದೂ ಲೆಕ್ಕಕ್ಕೆ ಬರಬೇಕು.

ಆಸ್ಪತ್ರೆಯಲ್ಲಿ ನಡೆಯುವ ಮುಖ್ಯ ಪರೀಕ್ಷೆಗೆ ಲೆವೊಡೋಪಾ ಚಾಲೆಂಜ್ ಎನ್ನುತ್ತಾರೆ. ಹಿಂದಿನ ರಾತ್ರಿಯಿಂದ ಮಾತ್ರೆ ನಿಲ್ಲಿಸಿ, ಬೆಳಿಗ್ಗೆ ಬಿಗಿತ, ನಡುಕ, ನಡಿಗೆಗೆ ಅಂಕ ಕೊಡುತ್ತಾರೆ. ನಂತರ ಎಂದಿಗಿಂತ ಸ್ವಲ್ಪ ಹೆಚ್ಚು ಮಾತ್ರೆ ಕೊಟ್ಟು, ಅದು ಏರಿದ ಮೇಲೆ ಮತ್ತೆ ಅಂಕ ಹಾಕುತ್ತಾರೆ. ಕನಿಷ್ಠ 30% ಸುಧಾರಿಸಿದರೆ ಡಿಬಿಎಸ್ ಫಲ ಕೊಡುವ ಸಾಧ್ಯತೆ ಹೆಚ್ಚು. ಈ ಪರೀಕ್ಷೆಯನ್ನು ವೈದ್ಯರ ಎದುರಷ್ಟೇ ಮಾಡಬೇಕು. ಮನೆಯಲ್ಲಿ ಲೆವೊಡೋಪಾವನ್ನು ಇದ್ದಕ್ಕಿದ್ದಂತೆ ನಿಲ್ಲಿಸುವುದು ಅಪಾಯ. ಎಂಆರ್‌ಐ, ನೆನಪಿನ ಪರೀಕ್ಷೆ, ಮನೋವೈದ್ಯರ ಭೇಟಿಯೂ ಇರುತ್ತವೆ. ಪ್ರಮಿಪೆಕ್ಸೋಲ್, ರೋಪಿನಿರೋಲ್‌ನಂಥ ಮಾತ್ರೆಗಳಿಂದ ಕೆಲವರಿಗೆ ಜೂಜಿನ ಹುಚ್ಚು, ಅತಿಯಾದ ಖರೀದಿ, ಲೈಂಗಿಕ ಗೀಳು ಹತ್ತುವುದುಂಟು. ನಾಚಿಕೆಯಿಂದ ಇದನ್ನು ಬಚ್ಚಿಟ್ಟರೆ ಮುಂದಿನ ಚಿಕಿತ್ಸೆಯೇ ಹಾದಿ ತಪ್ಪುತ್ತದೆ. ಅದು ಔಷಧದ ಪರಿಣಾಮ, ವ್ಯಕ್ತಿಯ ಗುಣದೋಷವಲ್ಲ.

ಶಸ್ತ್ರಚಿಕಿತ್ಸೆಯ ದಿನ

ಕೂದಲು ತೆಗೆದು, ತಲೆಗೆ ಲೋಹದ ಚೌಕಟ್ಟು ಬಿಗಿದು, ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಗುರಿಯ ಸ್ಥಾನವನ್ನು ಮಿಲಿಮೀಟರ್ ಲೆಕ್ಕದಲ್ಲಿ ಗುರುತಿಸುತ್ತಾರೆ. ಸಬ್‌ಥಲಾಮಿಕ್ ನ್ಯೂಕ್ಲಿಯಸ್‌ನ ಉದ್ದ ಒಂದು ಸೆಂಟಿಮೀಟರಿಗಿಂತ ಕಡಿಮೆ, ತಂತಿಯ ದಪ್ಪ 1.3 ಮಿಲಿಮೀಟರಿನಷ್ಟು. ಹಾಗಾಗಿ ಕೆಲಸಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಅನೇಕ ಕಡೆ ಈ ಹಂತದಲ್ಲಿ ರೋಗಿ ಎಚ್ಚರವಾಗಿಯೇ ಇರುತ್ತಾರೆ. ಮಿದುಳಿಗೆ ನೋವಿನ ಅರಿವಿಲ್ಲ. ನೆತ್ತಿಯ ಚರ್ಮಕ್ಕೆ ಮರಗಟ್ಟುವ ಚುಚ್ಚುಮದ್ದು ಸಾಕು. ಸೂಕ್ಷ್ಮ ತಂತಿಯಿಂದ ನರಕೋಶಗಳ ಸದ್ದು ಕೇಳಿ, ಸ್ವಲ್ಪ ವಿದ್ಯುತ್ ಹರಿಸಿ, ಕೈ ಮಡಚಿ ತೆರೆಯಲು, ಎಣಿಸಲು, ಮಾತಾಡಲು ಹೇಳುತ್ತಾರೆ. ಬಿಗಿತ ಸಡಿಲಗೊಂಡು, ಮಾತು ತೊದಲದೆ, ಕಣ್ಣು ಎಳೆಯದೆ ಇದ್ದರೆ ಜಾಗ ಸರಿಯೆಂದರ್ಥ. ಎಚ್ಚರವಿರಲು ಆಗದವರಿಗೆ ಪೂರ್ಣ ಅರಿವಳಿಕೆಯಲ್ಲಿ ಮಾಡುವ ಕೇಂದ್ರಗಳೂ ಇವೆ. ನಂತರ, ಅದೇ ದಿನ ಅಥವಾ ಕೆಲವು ದಿನ ಬಿಟ್ಟು, ಪೂರ್ಣ ಅರಿವಳಿಕೆ ಕೊಟ್ಟು ಕತ್ತಿನ ಚರ್ಮದಡಿ ತಂತಿ ಹಾಯಿಸಿ ಕೊರಳೆಲುಬಿನ ಕೆಳಗೆ ಬ್ಯಾಟರಿ ಕೂರಿಸುತ್ತಾರೆ.

ಅಪಾಯಗಳನ್ನು ಬಿಡಿಬಿಡಿಯಾಗಿ ಕೇಳಿ ತಿಳಿಯಿರಿ. ಮಿದುಳಿನಲ್ಲಿ ರಕ್ತಸ್ರಾವ ನೂರರಲ್ಲಿ ಒಬ್ಬಿಬ್ಬರಿಗೆ ಆಗಬಹುದು. ಅದರಿಂದ ಪಾರ್ಶ್ವವಾಯು, ಅಪರೂಪಕ್ಕೆ ಸಾವೂ ಸಂಭವಿಸಬಹುದು. ಸೋಂಕು ನೂರರಲ್ಲಿ ಕೆಲವರಿಗೆ ತಗಲುತ್ತದೆ, ಕೆಲವೊಮ್ಮೆ ಸಾಧನವನ್ನೇ ತೆಗೆಯಬೇಕಾಗುತ್ತದೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ, ಅವರು ಹೇಳಿದಂತೆ ಮಾತ್ರ ನಿಲ್ಲಿಸಿ.

ಮೊದಲ ಆರು ತಿಂಗಳು

ಶಸ್ತ್ರಚಿಕಿತ್ಸೆಯಾದ ಕೂಡಲೇ, ಯಂತ್ರ ಚಾಲೂ ಮಾಡುವ ಮೊದಲೇ, ಕೆಲವರ ನಡುಕ ತಾನಾಗಿ ತಗ್ಗುತ್ತದೆ. ತಂತಿ ಹೋದ ಜಾಗದ ಬಾವಿನಿಂದ ಆಗುವ ಬದಲಾವಣೆ ಇದು. ಕೆಲವು ವಾರಗಳಲ್ಲಿ ಮಾಯವಾಗುತ್ತದೆ. 'ವಾಸಿಯಾಗಿತ್ತು, ಮತ್ತೆ ಬಂತು' ಎಂದು ಕಂಗೆಡಬೇಡಿ. ನಿಜವಾದ ಚಿಕಿತ್ಸೆ ಶುರುವಾಗುವುದು ಪ್ರೋಗ್ರಾಮಿಂಗ್‌ನಿಂದ. ಯಾವ ತುದಿಯಿಂದ, ಎಷ್ಟು ತೀವ್ರತೆಯ, ಎಷ್ಟು ವೇಗದ ಮಿಡಿತ ಹರಿಯಬೇಕೆಂಬುದನ್ನು ಹೊರಗಿನಿಂದಲೇ ಹೊಂದಿಸುತ್ತಾರೆ. ಜೊತೆಜೊತೆಗೇ ಮಾತ್ರೆಯ ಪ್ರಮಾಣ ಇಳಿಸುತ್ತಾರೆ. ಇದು ಹದಕ್ಕೆ ಬರಲು ಮೂರರಿಂದ ಆರು ತಿಂಗಳು, ಹಲವು ಭೇಟಿ ಬೇಕು. ಬೀದರ್, ಕಲಬುರಗಿ, ಕಾರವಾರದಿಂದ ಬೆಂಗಳೂರಿಗೆ ಬರುವವರು ಈ ಓಡಾಟವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೆಲವು ಸಾಧನಗಳಲ್ಲಿ ವೈದ್ಯರು ದೂರದಿಂದಲೇ ಹೊಂದಿಸುವ ಸೌಲಭ್ಯವಿದೆ. ನಿಮಗೆ ಹಾಕುವ ಸಾಧನಕ್ಕೆ ಅದು ಇದೆಯೇ ಎಂದು ಕೇಳಿ.

ಮಿದುಳಿನ ಬೀಟಾ ಅಲೆಯನ್ನು ತಾನೇ ಅಳೆದು, ಅಗತ್ಯಕ್ಕೆ ತಕ್ಕಂತೆ ವಿದ್ಯುತ್ತನ್ನು ಏರಿಳಿಸಿಕೊಳ್ಳುವ ಹೊಸ ತಂತ್ರಜ್ಞಾನಕ್ಕೆ 2025ರಲ್ಲಿ ಯುರೋಪು ಮತ್ತು ಅಮೆರಿಕ ಒಪ್ಪಿಗೆ ಕೊಟ್ಟಿವೆ. ಆದರೆ ಹೊಸದು ಬರಲಿ ಎಂದು ಕಾಯುತ್ತ ಸರಿಯಾದ ಸಮಯ ಕಳೆದುಕೊಳ್ಳುವುದು ಜಾಣತನವಲ್ಲ. ತಂತಿ ಸರಿಯಾದ ಜಾಗದಲ್ಲಿ ಕೂರುವುದು ಮತ್ತು ಅನುಭವಿ ಕೈಗಳಲ್ಲಿ ಪ್ರೋಗ್ರಾಮಿಂಗ್ ಆಗುವುದು ಮಾದರಿಯ ಹೊಸತನಕ್ಕಿಂತ ಮುಖ್ಯ.

ಈ ತಿಂಗಳುಗಳಲ್ಲಿ ಮನೆಯವರು ಮೈಯಷ್ಟೇ ಮನಸ್ಸನ್ನೂ ಗಮನಿಸಬೇಕು. ವಿದ್ಯುತ್ತಿನ ಪ್ರಮಾಣ ಬದಲಾಗುತ್ತ, ಡೋಪಮಿನ್ ಮಾತ್ರೆ ಇಳಿಯುತ್ತ ಬಂದಾಗ ಕೆಲವರು ಮಂಕಾಗುತ್ತಾರೆ, ಆಸಕ್ತಿ ಕಳೆದುಕೊಳ್ಳುತ್ತಾರೆ. ಕೆಲವರು ಅತಿ ಉತ್ಸಾಹದಿಂದ ದುಡುಕುತ್ತಾರೆ. ಬದುಕು ಬೇಡ ಎಂಬ ಮಾತು ಬಂದರೆ ಮುಂದಿನ ಭೇಟಿಯವರೆಗೆ ಕಾಯದೆ ಕೂಡಲೇ ಚಿಕಿತ್ಸಾ ತಂಡಕ್ಕೆ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು. ಹೆಚ್ಚಿನ ತೊಂದರೆಗಳು ಹೊಂದಾಣಿಕೆ ಬದಲಿಸಿದರೆ ಸರಿಹೋಗುತ್ತವೆ. ತೂಕ ಏರುವುದೂ ಸಾಮಾನ್ಯ. ನಡಿಗೆ, ವ್ಯಾಯಾಮ ಬಿಡಬಾರದು.

ಸಾಧನದೊಂದಿಗೆ ಬದುಕುವಾಗ

ಮೊದಲನೆಯ ಮತ್ತು ಅತ್ಯಂತ ಮುಖ್ಯ ಎಚ್ಚರಿಕೆ ಡಯಾಥರ್ಮಿ. ಮಂಡಿನೋವು, ಬೆನ್ನುನೋವಿಗೆ ಫಿಸಿಯೋಥೆರಪಿ ಕೇಂದ್ರಗಳಲ್ಲಿ ಕೊಡುವ ಶಾರ್ಟ್‌ವೇವ್, ಮೈಕ್ರೋವೇವ್ ಅಥವಾ ಅಲ್ಟ್ರಾಸೌಂಡ್ ಕಾವು ಡಿಬಿಎಸ್ ಆದವರಿಗೆ ದೇಹದ ಯಾವ ಭಾಗಕ್ಕೂ ಕೂಡದು. ಅದರ ಶಕ್ತಿ ತಂತಿಯ ಮೂಲಕ ಮಿದುಳಿಗೆ ಹರಿದು ತುದಿಯಲ್ಲಿ ಸುಟ್ಟರೆ ಪ್ರಾಣಕ್ಕೇ ಅಪಾಯ. ಸಾಧನ ಆರಿಸಿದ್ದರೂ ಕೂಡದು. ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಇಟ್ಟುಕೊಳ್ಳಿ.

ಎಂಆರ್‌ಐ ಮಾಡಿಸುವ ಮುನ್ನ ಸಾಧನದ ಮಾದರಿ ಅದಕ್ಕೆ ಒಪ್ಪುತ್ತದೆಯೇ ಎಂದು ಡಿಬಿಎಸ್ ತಂಡದಿಂದ ಖಚಿತಪಡಿಸಿಕೊಳ್ಳಿ. ಒಪ್ಪುವ ಮಾದರಿಗೂ ನಿಯಮಗಳಿವೆ. ಬೇರೆ ಯಾವುದೇ ಶಸ್ತ್ರಚಿಕಿತ್ಸೆಗೆ ಮೊದಲು, ಹಲ್ಲಿನ ಚಿಕಿತ್ಸೆಗೂ ಸೇರಿ, ವೈದ್ಯರಿಗೆ ತಿಳಿಸಿ. ವಿದ್ಯುತ್ತಿನಿಂದ ರಕ್ತ ನಿಲ್ಲಿಸುವ ಕಾಟರಿ ಬಳಕೆಗೆ ವಿಶೇಷ ಎಚ್ಚರ ಬೇಕು.

ಮೆಟ್ರೊ ನಿಲ್ದಾಣ, ವಿಮಾನ ನಿಲ್ದಾಣ, ಮಾಲ್‌ಗಳ ತಪಾಸಣೆಯಲ್ಲಿ ಸಾಧನದ ಗುರುತಿನ ಚೀಟಿ ತೋರಿಸಿ, ಕೈಯಿಂದ ತಪಾಸಣೆ ಮಾಡಲು ಕೇಳಿ. ಬಾಗಿಲು ದಾಟಲೇಬೇಕಾದರೆ ನಡುವೆ ನಿಲ್ಲದೆ ದಾಟಿ. ಕೈಯಲ್ಲಿ ಹಿಡಿಯುವ ಶೋಧಕವನ್ನು ಎದೆಯ ಬಳಿ ಹಿಡಿಯಗೊಡಬೇಡಿ. ಚಾಲೂ ಇರುವ ಇಂಡಕ್ಷನ್ ಒಲೆಯ ಮೇಲೆ ಬಾಗಬೇಡಿ. ವೆಲ್ಡಿಂಗ್ ಕೆಲಸ, ದೊಡ್ಡ ಅಯಸ್ಕಾಂತವಿರುವ ಸ್ಪೀಕರ್‌ಗಳಿಂದ ದೂರವಿರಿ. ಚರ್ಮದಡಿಯ ಬ್ಯಾಟರಿಯನ್ನು ಮುಟ್ಟಿ ತಿರುಗಿಸುವ ಅಭ್ಯಾಸ ಬೇಡ, ತಂತಿ ಜಗ್ಗುತ್ತದೆ. ಹೊಲಿಗೆಯ ಜಾಗ ಕೆಂಪಾದರೆ, ಊದಿದರೆ, ಕೀವು ಕಂಡರೆ ಅರಿಶಿನ, ಎಣ್ಣೆ ಹಚ್ಚದೆ ಆಸ್ಪತ್ರೆಗೆ ಹೋಗಿ.

ಬ್ಯಾಟರಿಯಲ್ಲಿ ಎರಡು ಬಗೆ. ಚಾರ್ಜ್ ಮಾಡಲಾಗದ್ದು ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ. ಮುಗಿದಾಗ ಎದೆಯ ಭಾಗದ ಸಣ್ಣ ಶಸ್ತ್ರಚಿಕಿತ್ಸೆಯಿಂದ ಬದಲಿಸಬೇಕು. ಚಾರ್ಜ್ ಮಾಡುವಂಥದ್ದು ಹದಿನೈದು ವರ್ಷದವರೆಗೂ ಬರಬಹುದು, ಆದರೆ ನಿಯಮಿತವಾಗಿ ಎದೆಯ ಮೇಲೆ ಚಾರ್ಜರ್ ಇಟ್ಟುಕೊಳ್ಳಬೇಕು. ಒಬ್ಬರೇ ಇರುವ ಹಿರಿಯರಿಗೆ, ಕರೆಂಟ್ ಪದೇ ಪದೇ ಹೋಗುವ ಊರಿನವರಿಗೆ ಯಾವುದು ಸರಿಯೆಂದು ಮನೆಯವರೆಲ್ಲ ಕೂತು ಯೋಚಿಸಿ. ಮಕ್ಕಳೊಂದಿಗೆ ವಿದೇಶದಲ್ಲಿ ತಿಂಗಳುಗಟ್ಟಲೆ ಇರುವವರು ಆ ದೇಶದಲ್ಲಿ ಅದೇ ಸಾಧನದ ಸೇವೆ ಸಿಗುತ್ತದೆಯೇ ಎಂದು ವಿಚಾರಿಸಬೇಕು. ಬ್ಯಾಟರಿ ಇದ್ದಕ್ಕಿದ್ದಂತೆ ಮುಗಿದು ಲಕ್ಷಣಗಳು ತೀವ್ರವಾಗಿ ಮರಳಿದರೆ ಅದು ತುರ್ತು ಪರಿಸ್ಥಿತಿ. ವಿಶೇಷವಾಗಿ ಡಿಸ್ಟೋನಿಯಾ ಇರುವವರು ಮತ್ತು ಹಲವು ವರ್ಷದಿಂದ ಸಾಧನದ ಮೇಲೆಯೇ ಅವಲಂಬಿತರಾದ ಪಾರ್ಕಿನ್ಸನ್ ರೋಗಿಗಳು ತಡಮಾಡದೆ ಆಸ್ಪತ್ರೆ ಸೇರಬೇಕು.

ಖರ್ಚು ಮತ್ತು ವಿಮೆ

ಒಟ್ಟು ಖರ್ಚು ಹಲವು ಲಕ್ಷ ರೂಪಾಯಿ. ಅದರ ದೊಡ್ಡ ಪಾಲು ಸಾಧನದ ಬೆಲೆ. ಸಾಧನ, ಶಸ್ತ್ರಚಿಕಿತ್ಸೆ, ವಾರ್ಡ್, ಪ್ರೋಗ್ರಾಮಿಂಗ್, ಮುಂದಿನ ಬ್ಯಾಟರಿ ಬೇರೆ ಬೇರೆಯಾಗಿರುವ ಅಂದಾಜುಪಟ್ಟಿಯನ್ನು ಬರಹದಲ್ಲೇ ಪಡೆಯಿರಿ. ಸರ್ಕಾರಿ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಗಳಲ್ಲಿ ಚಲನೆಯ ಕಾಯಿಲೆಗಳಿಗೇ ಪರಿಣತ ತಂಡಗಳಿವೆ. ಅಭಿಪ್ರಾಯ ಪಡೆಯಲು ಇವು ಒಳ್ಳೆಯ ನೆಲೆ.

ವಿಮೆ ಇದ್ದವರು ತಿಳಿದಿರಬೇಕಾದ ಸಂಗತಿ: ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಆರೋಗ್ಯ ವಿಮೆಯಿಂದ ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿಯಿದೆ, ಅದರಲ್ಲಿ ಡೀಪ್ ಬ್ರೈನ್ ಸ್ಟಿಮ್ಯುಲೇಷನ್ ಹೆಸರಿದೆ. ಆದರೆ ಕಂಪನಿಗಳು ಇಂಥ ಚಿಕಿತ್ಸೆಗೆ ಮೊತ್ತದ ಮಿತಿ ಇಟ್ಟಿರಬಹುದು. ಪಾಲಿಸಿಯ ಆ ಪುಟವನ್ನು ಮೊದಲೇ ಓದಿ, 'ಇದು ಪ್ರಯೋಗದ ಚಿಕಿತ್ಸೆ' ಎಂದು ಯಾರಾದರೂ ತಳ್ಳಿಹಾಕಿದರೆ ಈ ಮಾರ್ಗಸೂಚಿಯನ್ನು ಮುಂದಿಡಿ. ವಿಮೆ ಇಲ್ಲದವರು ಸರ್ಕಾರಿ ಆರೋಗ್ಯ ಯೋಜನೆ ಮತ್ತು ಪರಿಹಾರ ನಿಧಿಗಳ ಬಗ್ಗೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ವಿಚಾರಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಕೂಡ ಸೇರಿದೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು ನಿಮ್ಮ ಹಕ್ಕು.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

1. ನನಗಿರುವುದು ಪಾರ್ಕಿನ್ಸನ್ ಕಾಯಿಲೆಯೇ ಎಂಬುದು ಖಚಿತವೇ?
2. ಲೆವೊಡೋಪಾ ಚಾಲೆಂಜ್‌ನಲ್ಲಿ ಎಷ್ಟು ಸುಧಾರಣೆ ಕಂಡಿತು?
3. ನನ್ನ ತೊಂದರೆಗಳಲ್ಲಿ ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ?
4. ಗುರಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ಸೋ, ಗ್ಲೋಬಸ್ ಪ್ಯಾಲಿಡಸ್ಸೋ, ಏಕೆ?
5. ನಿಮ್ಮ ತಂಡ ವರ್ಷಕ್ಕೆ ಎಷ್ಟು ಡಿಬಿಎಸ್ ಮಾಡುತ್ತದೆ? ರಕ್ತಸ್ರಾವ, ಸೋಂಕು ಎಷ್ಟು ಜನರಿಗಾಗಿದೆ?
6. ಪ್ರೋಗ್ರಾಮಿಂಗ್ ಮಾಡುವವರು ಯಾರು? ತುರ್ತಿನಲ್ಲಿ ಯಾರಿಗೆ ಕರೆ ಮಾಡಬೇಕು?
7. ಬ್ಯಾಟರಿಯನ್ನು ಎಷ್ಟು ವರ್ಷದ ನಂತರ ಬದಲಿಸಬೇಕು, ಎಷ್ಟು ಖರ್ಚು?
8. ಈಗ ಮಾಡಿಸದಿದ್ದರೆ ಏನಾಗಬಹುದು, ಎಷ್ಟು ದಿನ ಕಾಯಬಹುದು?

ಈ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸುವ, ಬೇಡವಾದವರಿಗೆ ಬೇಡ ಎಂದು ಹೇಳುವ ತಂಡವೇ ನಂಬಲು ಯೋಗ್ಯ. ಡಿಬಿಎಸ್ ಬೇಡ ಎಂಬ ಉತ್ತರ ಬಂದರೆ ಅದು ಕೈಬಿಟ್ಟಂತಲ್ಲ. ಮಾತ್ರೆಯ ಮರುಹೊಂದಾಣಿಕೆ, ವ್ಯಾಯಾಮ, ಮಾತಿನ ಚಿಕಿತ್ಸೆ, ಮನೆಯಲ್ಲಿ ಬೀಳದಂತೆ ಮಾಡುವ ಏರ್ಪಾಡು ಇವೆಲ್ಲ ದಿನಗಳನ್ನು ಹಗುರ ಮಾಡುತ್ತವೆ. ಬೇಕು ಎಂಬ ಉತ್ತರ ಬಂದರೆ ರೋಗಿಯ ಒಪ್ಪಿಗೆಯೇ ಕೊನೆಯ ಮಾತಾಗಿರಲಿ. ಮಕ್ಕಳು, ಅಳಿಯ, ಸೊಸೆ ಎಷ್ಟೇ ಕಾಳಜಿಯಿಂದ ಓಡಾಡಿದರೂ ತಂತಿ ಇಳಿಯುವುದು ರೋಗಿಯ ತಲೆಗೆ, ತಿಂಗಳುಗಟ್ಟಲೆ ಹೊಂದಿಕೊಳ್ಳಬೇಕಾದವರೂ ರೋಗಿಯೇ. ಮನೆಯಲ್ಲಿ ಮಾತ್ರೆಯ ಹೊತ್ತು ಐದಕ್ಕೆ ಏರಿದ್ದರೆ ಈ ವಾರವೇ ಮೂರು ದಿನದ ದಿನಚರಿ ಬರೆಯಲು ಶುರುಮಾಡಿ, ಅದನ್ನು ಹಿಡಿದು ನರರೋಗ ತಜ್ಞರ ಸಮಯ ಕೇಳಿ.